ಹೊಸ ಕಾರ್ಯದರ್ಶಿಗೆ ಸಲಹೆ ಬೇಕು: ಊರಿನ ಸೇವಾ ಕ್ಲಬ್ಬಿಗೆ ದೇಣಿಗೆ ಕೂಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ತಾಲ್ಲೂಕು ಕೇಂದ್ರದ ಒಂದು ರೋಟರಿ ಕ್ಲಬ್. ಈ ಜುಲೈ 1ರಿಂದ ನಾನು ಕಾರ್ಯದರ್ಶಿ. ಪಟ್ಟಿಯಲ್ಲಿ 28 ಸದಸ್ಯರಿದ್ದಾರೆ, ಸಭೆಗೆ ಬರುವವರು ಹತ್ತು ಹನ್ನೆರಡು ಜನ. ಈ ವರ್ಷ ಒಂದು ಕಣ್ಣಿನ ತಪಾಸಣಾ ಶಿಬಿರ, ಒಂದು ರಕ್ತದಾನ ಶಿಬಿರ, ಎರಡು ಸರ್ಕಾರಿ ಶಾಲೆಗಳಿಗೆ ಏನಾದರೂ ಸಹಾಯ ಮಾಡಬೇಕು ಅಂತ ಇದ್ದೇವೆ. ಖಾತೆಯಲ್ಲಿರುವುದು ಹನ್ನೊಂದು ಸಾವಿರ. ಪ್ರತಿ ವರ್ಷ ಅದೇ ಬಟ್ಟೆ ಅಂಗಡಿ, ಅದೇ ಜ್ಯುವೆಲರ್ಸ್, ಅದೇ ರೈಸ್ ಮಿಲ್ಲಿನವರ ಹತ್ತಿರ ಹೋಗುತ್ತೇವೆ. ಅವರಿಗೂ ಸಾಕಾಗಿದೆ, ಕೇಳಲು ನಮಗೂ ಸಂಕೋಚ. ಕಳೆದ ಸಲ ಒಬ್ಬರು "ಹೋದ ವರ್ಷ ಕೊಟ್ಟಿದ್ದು ಏನಾಯ್ತು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ರೋಟರಿ, ಲಯನ್ಸ್, ಜೇಸಿ, ಇನ್ನರ್ ವೀಲ್, ಯಾವ ಸೇವಾ ಕ್ಲಬ್ಬೇ ಇರಲಿ, ಕೆಲಸ ಮಾಡಿದವರು ನಿಮ್ಮ ಅನುಭವ ಹೇಳಿ. ಎಡವಿದ್ದನ್ನೂ ಹೇಳಿ.

ಒಂಬತ್ತು ವರ್ಷ ಲಯನ್ಸ್ ಕ್ಲಬ್ಬಿನ ಖಜಾಂಚಿಯಾಗಿದ್ದವರು:

ಆ ಪ್ರಶ್ನೆ ಕೇಳಿದವರ ಅಂಗಡಿಗೇ ಮೊದಲು ಹೋಗಿ. ದುಡ್ಡು ಕೇಳಬೇಡಿ. ಹೋದ ವರ್ಷದ ಲೆಕ್ಕ ಹುಡುಕಿ, ತಗೊಂಡು ಹೋಗಿ ತೋರಿಸಿ. ಸಿಗದಿದ್ದರೆ ಸಿಗಲಿಲ್ಲ ಅಂತಲೇ ಹೇಳಿ. ಈ ವರ್ಷ ಖರ್ಚು ಮಾಡಿದ ಮೇಲೆ ನಾನೇ ಬಂದು ತೋರಿಸುತ್ತೇನೆ ಅಂತ ಹೇಳಿ ಬನ್ನಿ.

ಆಮೇಲೆ ಖಾತೆ ಎರಡು ಮಾಡಿ. ಸದಸ್ಯರ ಚಂದಾ ಒಂದರಲ್ಲಿ, ಊರಿನವರು ಕೊಟ್ಟ ದೇಣಿಗೆ ಇನ್ನೊಂದರಲ್ಲಿ. ಲಯನ್ಸ್ ಸಂಸ್ಥೆಯಲ್ಲಿ ಇದು ನಿಯಮವೇ. ಜನರಿಂದ ಕೂಡಿಸಿದ ಹಣ ಜನರ ಕೆಲಸಕ್ಕೇ ಹೋಗಬೇಕು. ಹಣ ಕೂಡಿಸಲು ಮಾಡಿದ ಕಾರ್ಯಕ್ರಮದ ನೇರ ಖರ್ಚು ಮಾತ್ರ ಅದರಲ್ಲಿ ಕಳೆಯಬಹುದು. ಸಭೆಯ ಟೀ, ಪದಗ್ರಹಣದ ಊಟ, ಶಾಲು, ಹಾರ, ಫ್ಲೆಕ್ಸು ಇವೆಲ್ಲ ಚಂದಾ ಹಣದಲ್ಲೇ ಆಗಬೇಕು. ನಾನು ಖಜಾಂಚಿ ಆದಾಗ ನಮ್ಮಲ್ಲಿ ಒಂದೇ ಖಾತೆ ಇತ್ತು. ಯಾರೂ ದುಡ್ಡು ತಿಂದಿರಲಿಲ್ಲ, ಆದರೆ ಎಲ್ಲಾ ಕಲಸಿಹೋಗಿತ್ತು. ಪದಗ್ರಹಣದ ದಿನ ಊಟದ ಪಂಕ್ತಿಯಲ್ಲಿ ಕೂತ ದಾನಿಯೊಬ್ಬರು ಪಕ್ಕದವರಿಗೆ "ಈ ಹೋಳಿಗೆ ನನ್ನ ದುಡ್ಡಿಂದೇ ಇರಬೇಕು" ಅಂದದ್ದು ನನ್ನ ಕಿವಿಗೆ ಬಿತ್ತು. ಅವರು ಕೊಟ್ಟಿದ್ದು ಹುಡುಗಿಯೊಬ್ಬಳ ಕಾಲೇಜು ಫೀಸಿಗೆ. ಫೀಸು ಕಟ್ಟಿದ್ದೆವು, ರಸೀದಿಯೂ ಇತ್ತು. ಅವರಿಗೆ ತೋರಿಸಿರಲಿಲ್ಲ, ಅಷ್ಟೇ. ಮುಂದಿನ ವರ್ಷ ಅವರು ಕೊಡಲಿಲ್ಲ.

ಅಂದಿನಿಂದ ಮೂರು ತಿಂಗಳಿಗೊಮ್ಮೆ ಒಂದು ಹಾಳೆಯಲ್ಲಿ ಬಂದದ್ದು, ಹೋದದ್ದು, ಉಳಿದದ್ದು ಬರೆದು ದಾನಿಗಳ ಮನೆಗೆ, ಅಂಗಡಿಗೆ ಕೊಡುತ್ತಾ ಬಂದೆ. ಕೈಬರಹದಲ್ಲೇ. ಎರಡನೇ ವರ್ಷದಲ್ಲಿ ಕೇಳದೆಯೇ ಕೊಡುವವರು ಹುಟ್ಟಿಕೊಂಡರು. ಅವರೆಲ್ಲ ದೊಡ್ಡವರೇನಲ್ಲ. ಟೈರ್ ಅಂಗಡಿಯವರು, ಟೈಲರ್, ಇಬ್ಬರು ಮೇಷ್ಟ್ರು, ಹೂವಿನ ಮಂಡಿಯವರು. ತಿಂಗಳಿಗೆ ಇನ್ನೂರು ಕೊಡುವ ನಲವತ್ತು ಜನ ಸಿಕ್ಕಿದರೆ ವರ್ಷಕ್ಕೆ 96,000 ಆಗುತ್ತದೆ. ನಿಮ್ಮ ಮೂರೂ ಕೆಲಸಕ್ಕೆ ಅದು ಸಾಕು. ಹಿಂದೆ ನಮ್ಮ ಕಡೆ ಬಡ ಹುಡುಗರು ವಾರಾನ್ನ ಮಾಡಿಕೊಂಡು ಓದುತ್ತಿದ್ದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಯಾರಿಗೂ ಹೊರೆ ಆಗುತ್ತಿರಲಿಲ್ಲ, ಹುಡುಗ ಓದಿ ಮುಗಿಸುತ್ತಿದ್ದ. ನಾನು ದೇಣಿಗೆ ಕೇಳಲು ಹೋದಾಗ ಈ ಮಾತು ಹೇಳುತ್ತಿದ್ದೆ. ಹಳಬರಿಗೆ ತಕ್ಷಣ ಅರ್ಥ ಆಗುತ್ತಿತ್ತು.

80ಜಿ, ಅಂದರೆ ದೇಣಿಗೆ ಕೊಟ್ಟವರಿಗೆ ಸಿಗುವ ಆದಾಯ ತೆರಿಗೆ ರಿಯಾಯಿತಿಯ ವಿಷಯ ಸರಿಯಾಗಿ ತಿಳಿದುಕೊಳ್ಳಿ. ರಿಯಾಯಿತಿ ಸಿಗುತ್ತೆ ಅಂತ ಸುಮ್ನೆ ಹೇಳಬೇಡಿ. ಕ್ಲಬ್ಬಿಗೆ ಅಥವಾ ಕ್ಲಬ್ಬಿನ ಟ್ರಸ್ಟಿಗೆ ಆ ನೋಂದಣಿ ಇರಬೇಕು. ನಗದಾಗಿ ಎರಡು ಸಾವಿರಕ್ಕಿಂತ ಜಾಸ್ತಿ ಕೊಟ್ಟರೆ ದಾನಿಗೆ ರಿಯಾಯಿತಿ ಇಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗಷ್ಟೇ ಅದು ಅನ್ವಯ. ಒಬ್ಬ ಒಳ್ಳೆಯ ಲೆಕ್ಕಪರಿಶೋಧಕರನ್ನು ಸದಸ್ಯರಾಗಿ ಮಾಡಿಕೊಳ್ಳಿ, ಅರ್ಧ ಚಿಂತೆ ಕಳೆಯುತ್ತದೆ.

ಹದಿನಾಲ್ಕು ಕಣ್ಣಿನ ಶಿಬಿರಗಳಲ್ಲಿ ಓಡಾಡಿದ ಇನ್ನರ್ ವೀಲ್ ಸದಸ್ಯೆ:

ಖಜಾಂಚಿ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಕಣ್ಣಿನ ಶಿಬಿರದ ಬಗ್ಗೆ ಮಾತ್ರ ಬರೆಯುತ್ತೇನೆ, ಯಾಕೆಂದರೆ ಅದರಲ್ಲಿ ನಾವು ತುಂಬಾ ಪಾಠ ಕಲಿತೆವು.

1925ರಲ್ಲಿ ಕಣ್ಣು ಕಾಣದ, ಕಿವಿ ಕೇಳದ ಅಮೆರಿಕದ ಲೇಖಕಿ ಹೆಲೆನ್ ಕೆಲ್ಲರ್ ಲಯನ್ಸ್ ಸಮಾವೇಶದಲ್ಲಿ ಅಂಧರ ಪರವಾಗಿ ನಿಲ್ಲಿ ಅಂತ ಕೇಳಿಕೊಂಡರು. ಅಂದಿನಿಂದ ಕಣ್ಣಿನ ಕೆಲಸ ಸೇವಾ ಕ್ಲಬ್ಬುಗಳ ಜೊತೆ ಅಂಟಿಕೊಂಡಿದೆ. ನಮ್ಮ ಕಡೆಯಂತೂ ಬೀಳಗಿಯ ಕಣ್ಣಿನ ವೈದ್ಯ ಡಾ. ಎಂ. ಸಿ. ಮೋದಿ ಅವರ ಹೆಸರು ಹಿರಿಯರ ಬಾಯಲ್ಲಿ ಇನ್ನೂ ಇದೆ. ಊರೂರಿಗೆ ಹೋಗಿ, ಒಂದೇ ದಿನದಲ್ಲಿ ನೂರಾರು ಜನರ ಪೊರೆ ತೆಗೆದವರು ಅವರು. ಈಗ ಶಾಲೆಯಲ್ಲಿ, ಛತ್ರದಲ್ಲಿ ಆಪರೇಷನ್ ಮಾಡುವಂತಿಲ್ಲ, ಸೋಂಕಿನ ಭಯ. ಊರಲ್ಲಿ ತಪಾಸಣೆ ಮಾತ್ರ, ಆಪರೇಷನ್ ಆಸ್ಪತ್ರೆಯಲ್ಲಿ. ಹೀಗಾಗಿ ಕ್ಲಬ್ಬಿನ ಕೆಲಸ ತಪಾಸಣೆಯ ದಿನ ಮುಗಿಯಲ್ಲ, ಆವತ್ತು ಶುರುವಾಗುತ್ತದೆ.

ನಮ್ಮ ಮೊದಲ ಶಿಬಿರದಲ್ಲಿ 140 ಜನರ ತಪಾಸಣೆ ಆಯಿತು. ಪೊರೆ ಇದೆ, ಆಪರೇಷನ್ ಆಗಲೇಬೇಕು ಅಂದವರು 31. ಬಸ್ಸು ಹತ್ತಿದವರು 19. ಫೋಟೊ ತೆಗೆಸಿಕೊಂಡು ಮನೆಗೆ ಹೋದೆವು. ಆ 12 ಜನ ಯಾಕೆ ಬರಲಿಲ್ಲ ಅಂತ ಯಾರೂ ಕೇಳಲಿಲ್ಲ. ಎರಡು ತಿಂಗಳಾದ ಮೇಲೆ ನನಗೇ ತಡೆಯಲಾರದೆ ಒಬ್ಬೊಬ್ಬರ ಮನೆಗೂ ಹೋದೆ. ಮೂವರಿಗೆ ಶುಗರ್, ಬಿಪಿ ಜಾಸ್ತಿ ಇತ್ತು. ಕಡಿಮೆ ಮಾಡಿಕೊಂಡು ಬನ್ನಿ ಅಂದಿದ್ದರು, ಯಾವಾಗ ಎಲ್ಲಿಗೆ ಬರಬೇಕು ಅಂತ ಹೇಳಿರಲಿಲ್ಲ. ಇಬ್ಬರು "ಪೊರೆ ಇನ್ನೂ ಬಲಿಯಲಿ" ಅಂತ ಕಾಯುತ್ತಿದ್ದರು. ಈಗಿನ ಆಪರೇಷನ್ನಿಗೆ ಬಲಿಯುವ ತನಕ ಕಾಯಬೇಕಿಲ್ಲ. ಉಳಿದವರಲ್ಲಿ ಹೆಚ್ಚಿನವರು ಹೆಂಗಸರು. ಜೊತೆಗೆ ಬರುವವರಿಲ್ಲ. ಮನೆಯಲ್ಲಿ ಎಮ್ಮೆ ಇದೆ, ಹಾಲು ಕರೆಯುವವರಿಲ್ಲ. ಒಬ್ಬ ಅಜ್ಜಿ "ನನ್ ಕಣ್ಣಿಗೋಸ್ಕರ ಮಗ ಕೂಲಿ ಬಿಟ್ಟು ಬರ್ಬೇಕಾ ತಾಯಿ?" ಅಂದರು.

ಈಗ ನಾವು ಶಿಬಿರದ ಬಜೆಟ್ಟಿನಲ್ಲೇ ಜೊತೆಗೆ ಬರುವವರ ಊಟ, ಒಂದು ದಿನದ ಕೂಲಿ ಸೇರಿಸುತ್ತೇವೆ. ಆಪರೇಷನ್ ಆದ ಮೇಲೆ ವಾರಗಟ್ಟಲೆ ಡ್ರಾಪ್ಸ್ ಹಾಕಬೇಕು. ಅದನ್ನು ಹಾಕಿದರಾ ಅಂತ ನೋಡಲು ಊರಿಗೊಬ್ಬರನ್ನು ಗುರುತಿಸಿದ್ದೇವೆ, ಹೆಚ್ಚಾಗಿ ಆಶಾ ಕಾರ್ಯಕರ್ತೆಯರೇ ಒಪ್ಪಿಕೊಳ್ಳುತ್ತಾರೆ. ಶಿಬಿರದ ತಾರೀಖು ಕೊಯ್ಲು, ನಾಟಿ ನೋಡಿ ಇಡುತ್ತೇವೆ. ಆಪರೇಷನ್ ಖರ್ಚಿನ ಬಗ್ಗೆ ಜಿಲ್ಲಾ ಅಂಧತ್ವ ನಿಯಂತ್ರಣ ವಿಭಾಗದವರನ್ನು ಮೊದಲೇ ಭೇಟಿ ಮಾಡಿ. ಸರ್ಕಾರದ ಕಾರ್ಯಕ್ರಮದಲ್ಲಿ ಅದಕ್ಕೆ ದಾರಿ ಇದೆ. ನಿಮ್ಮ ದುಡ್ಡು ಬಸ್ಸಿಗೆ, ಊಟಕ್ಕೆ, ಕನ್ನಡಕಕ್ಕೆ ಉಳಿಯುತ್ತದೆ.

ದೇಣಿಗೆ ಕೇಳುವಾಗ "ಶಿಬಿರಕ್ಕೆ ಸಹಾಯ ಮಾಡಿ" ಅನ್ನಬೇಡಿ. "ಒಬ್ಬ ಅಜ್ಜಿಯ ಬಸ್ಸು, ಊಟ, ಡ್ರಾಪ್ಸ್, ಜೊತೆಗೆ ಬರುವ ಮಗನ ಕೂಲಿ, ಎಲ್ಲಾ ಸೇರಿ ಇಷ್ಟು" ಅನ್ನಿ. ನಮ್ಮೂರಲ್ಲಿ ಮಗನ ಹುಟ್ಟುಹಬ್ಬಕ್ಕೆ ಅಂತ ಇಬ್ಬರು ಅಜ್ಜಿಯರ ಖರ್ಚು ಕೊಟ್ಟವರಿದ್ದಾರೆ. ಆಮೇಲೆ ಅವರೇ ನೋಡಲು ಹೋಗಿ, ಅಜ್ಜಿ ಕೈಯಿಂದ ಮಜ್ಜಿಗೆ ಕುಡಿದು ಬಂದರು.

ಹಾಗೇ ನೇತ್ರದಾನದ ನೋಂದಣಿಗೂ ಒಂದು ಟೇಬಲ್ ಹಾಕಿ. 2006ರಲ್ಲಿ ಡಾ. ರಾಜಕುಮಾರ್, 2021ರಲ್ಲಿ ಪುನೀತ್ ಅವರ ಕಣ್ಣು ದಾನ ಆದ ಮೇಲೆ ನಮ್ಮ ಜನಕ್ಕೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ನೋಂದಾಯಿಸಿದರೆ ಸಾಲದು, ಮನೆಯವರಿಗೆ ಗೊತ್ತಿರಬೇಕು. ಸಾವಾದ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಬೇಕು, ಫ್ಯಾನ್ ಆರಿಸಬೇಕು, ತಲೆ ಸ್ವಲ್ಪ ಎತ್ತರದಲ್ಲಿರಬೇಕು. ಇದನ್ನು ಒಂದು ಚೀಟಿಯಲ್ಲಿ ಅಚ್ಚು ಮಾಡಿಸಿ ಹಂಚಿ.

ಆರ್ಕೆಸ್ಟ್ರಾ ಮಾಡಿ ಕೈ ಸುಟ್ಟುಕೊಂಡ ಮಾಜಿ ಅಧ್ಯಕ್ಷರು:

ಸರ್, ದೊಡ್ಡ ಸಂಗೀತ ಸಂಜೆಯ ಆಸೆಗೆ ಬೀಳಬೇಡಿ. ನಮ್ಮ ವರ್ಷದಲ್ಲಿ ಟಿಕೆಟ್ಟು, ಜಾಹೀರಾತು ಸೇರಿ 1,86,000 ಬಂತು. ಕಲಾವಿದರು, ಸ್ಟೇಜು, ಸೌಂಡು, ಲೈಟು, ಜನರೇಟರ್, ಊಟ, ಪರವಾನಗಿ ಎಲ್ಲಾ ಕಳೆದು ಕೈಯಲ್ಲಿ ಉಳಿದದ್ದು 34,000. ಅದಕ್ಕೆ ಆರು ವಾರ ಹದಿನೈದು ಜನ ತಿರುಗಿದ್ದೆವು. ಅರ್ಧ ಟಿಕೆಟ್ ಸದಸ್ಯರೇ ಕೊಂಡಿದ್ದರು.

ಮುಂದಿನ ವರ್ಷ ನಮ್ಮ ಮನೆಯವರು, ಉಳಿದ ಸದಸ್ಯರ ಮನೆಯವರು ಸೇರಿ ಸಂಕ್ರಾಂತಿ ಹೊತ್ತಿಗೆ ಆಹಾರ ಮೇಳ ಮಾಡಿದರು. ಶಾಲೆಯ ಮೈದಾನ, 18 ಮಳಿಗೆ. ಅಕ್ಕಿ ರೊಟ್ಟಿ, ಎಣ್ಣೆಗಾಯಿ, ತಂಬಿಟ್ಟು, ನೀರು ದೋಸೆ, ಕಾಯಿ ಹಾಲು. ಸಾಮಾನು ಸದಸ್ಯರೇ ತಂದರು. ಖರ್ಚು ಕಳೆದು 61,000 ಉಳಿಯಿತು. ಅದಕ್ಕಿಂತ ಹೆಚ್ಚು ಸಂತೋಷ ಆದದ್ದು, ಕ್ಲಬ್ ಅಂದರೆ ಏನು ಅಂತ ಗೊತ್ತಿಲ್ಲದ ಜನ ಅವತ್ತು ಬಂದು ಮಾತಾಡಿಸಿದರು. ಅವರಲ್ಲಿ ನಾಲ್ಕು ಜನ ಈಗ ಸದಸ್ಯರು. ನಿಮ್ಮಲ್ಲಿ ಸಭೆಗೆ ಹತ್ತೇ ಜನ ಬರುತ್ತಾರೆ ಅಂದಿರಲ್ಲ, ಉಳಿದವರಿಗೆ ಮಾಡಲು ಕೈಕೆಲಸ ಕೊಟ್ಟು ನೋಡಿ. ಭಾಷಣ ಕೇಳಲು ಬರದವರು ದೋಸೆ ಹುಯ್ಯಲು ಬಂದರು.

ಇನ್ನೊಂದು, ಹಳೆ ಪೇಪರ್. ತಿಂಗಳ ಮೊದಲ ಭಾನುವಾರ ಒಂದು ಗೂಡ್ಸ್ ಆಟೊ ತಗೊಂಡು ಎರಡು ಬಡಾವಣೆ ಸುತ್ತುತ್ತೇವೆ. ದುಡ್ಡು ಕೊಡಿ ಅಂದರೆ ಯೋಚನೆ ಮಾಡುವವರು ರದ್ದಿ ಕೊಡಲು ಯೋಚಿಸುವುದಿಲ್ಲ. ದೊಡ್ಡ ಮೊತ್ತ ಅಲ್ಲ, ಆದರೆ ತಪ್ಪದೆ ಬರುತ್ತದೆ.

ಲಕ್ಕಿ ಡಿಪ್ ಚೀಟಿ ಮಾರುವ ಯೋಚನೆ ಇದ್ದರೆ ಬಿಟ್ಟುಬಿಡಿ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ ಇದೆ. ಒಳ್ಳೆ ಕೆಲಸಕ್ಕೆ ಅಂತ ಹೇಳಿದರೂ ತೊಂದರೆಗೆ ಸಿಕ್ಕಿಕೊಳ್ಳಬಹುದು.

ಸರ್ಕಾರಿ ಶಾಲೆಯ ಶಿಕ್ಷಕಿ:

ನಾನು ಕ್ಲಬ್ ಸದಸ್ಯೆ ಅಲ್ಲ, ನಿಮ್ಮಂಥವರ ಸಹಾಯ ಪಡೆಯುವ ಕಡೆಯವಳು. ಮನಸ್ಸಿನಲ್ಲಿ ಬಹಳ ದಿನದಿಂದ ಇರುವುದನ್ನು ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ಪಠ್ಯಪುಸ್ತಕ, ಸಮವಸ್ತ್ರ ಸರ್ಕಾರ ಕೊಡುತ್ತದೆ. ನೋಟ್‌ಬುಕ್ ಪೋಷಕರೇ ತರಬೇಕು. ಶಾಲೆ ಶುರುವಾಗುವುದು ಮೇ ಕೊನೆಗೆ. ನಿಮ್ಮ ಹೊಸ ಅಧ್ಯಕ್ಷರು ಬರುವುದು ಜುಲೈಯಲ್ಲಿ. ಪದಗ್ರಹಣ ಮುಗಿದು, ತಾರೀಖು ಹೊಂದಿ, ನೋಟ್‌ಬುಕ್ ನಮ್ಮ ಮಕ್ಕಳ ಕೈಗೆ ಬರುವಾಗ ಆಗಸ್ಟ್ ಆಗಿರುತ್ತದೆ. ಅಷ್ಟರಲ್ಲಿ ಅಪ್ಪ ಅಮ್ಮ ಸಾಲ ಮಾಡಿಯೋ ಹೇಗೋ ತಂದುಕೊಟ್ಟಿರುತ್ತಾರೆ. ಅದೇ ಪುಸ್ತಕ ಜೂನ್ ಮೊದಲ ವಾರ ಬಂದಿದ್ದರೆ ಒಂದು ಮನೆಗೆ ಎಷ್ಟು ಹಗುರ ಆಗುತ್ತಿತ್ತು! ಇಳಿಯುವ ಅಧ್ಯಕ್ಷರು ಮೇ ತಿಂಗಳಲ್ಲೇ ಕೊಂಡಿಟ್ಟು ಹೋಗಲಿ. ಹೆಸರು ಯಾರ ವರ್ಷದ್ದು ಅನ್ನುವುದು ಮಕ್ಕಳಿಗೆ ಬೇಕಾಗಿಲ್ಲ.

ನಮ್ಮ ಶಾಲೆಗೆ ಒಂದು ಕ್ಲಬ್ಬಿನವರು ನೀರಿನ ಫಿಲ್ಟರ್ ಕೊಟ್ಟರು. ಒಳ್ಳೆಯದೇ. ವರ್ಷದೊಳಗೆ ಕ್ಯಾಂಡಲ್ ಹಾಳಾಯಿತು. ಅಷ್ಟರಲ್ಲಿ ಅಧ್ಯಕ್ಷರು ಬದಲಾಗಿದ್ದರು. ಹೊಸಬರಿಗೆ ಫೋನ್ ಮಾಡಿದರೆ "ಅದು ಹೋದ ವರ್ಷದ ಪ್ರಾಜೆಕ್ಟು ಮೇಡಂ" ಅಂದರು. ಈಗಲೂ ಅದು ಗೋಡೆಯ ಮೇಲಿದೆ, ಕೊಟ್ಟವರ ಹೆಸರಿನ ಜೊತೆ. ಮಕ್ಕಳು ಮನೆಯಿಂದಲೇ ಬಾಟಲಿ ತರುತ್ತಾರೆ. ದಯವಿಟ್ಟು ಯಾವುದೇ ವಸ್ತು ಕೊಡುವಾಗ ಮೂರು ವರ್ಷದ ರಿಪೇರಿ ದುಡ್ಡನ್ನೂ ಸೇರಿಸಿ ಕೂಡಿಸಿ. ಏನು ಬೇಕು ಅಂತ ಮುಖ್ಯ ಶಿಕ್ಷಕರನ್ನು, ಶಾಲೆಯ ಮೇಲುಸ್ತುವಾರಿ ಸಮಿತಿ ಎಸ್‌ಡಿಎಂಸಿಯವರನ್ನು ಕೇಳಿ. ನಮ್ಮಲ್ಲಿ ಆ ವರ್ಷ ನಿಜವಾಗಿ ಬೇಕಿದ್ದದ್ದು ಹುಡುಗಿಯರ ಶೌಚಾಲಯಕ್ಕೆ ಒಂದು ಬಾಗಿಲು, ಒಳಗಿನಿಂದ ಹಾಕುವ ಚಿಲಕ.

ಇನ್ನು ಫೋಟೊ. ಪುಸ್ತಕ ಕೊಡಿ, ಫೋಟೊ ಶಾಲೆಯ ಜೊತೆ ತೆಗೆಸಿಕೊಳ್ಳಿ. ಬಡವರ ಮಕ್ಕಳು ಯಾರು ಅಂತ ಆರಿಸಿ ಸಾಲಾಗಿ ನಿಲ್ಲಿಸಬೇಡಿ. ಏಳನೇ ತರಗತಿಯ ಮಗುವಿಗೆ ಎಲ್ಲಾ ಗೊತ್ತಾಗುತ್ತದೆ.

ರಕ್ತನಿಧಿ ಜೊತೆ ಕೆಲಸ ಮಾಡುವವರು:

ಚಿಕ್ಕದಾಗಿ ಹೇಳುತ್ತೇನೆ. ಆಗಸ್ಟ್ 15, ಅಕ್ಟೋಬರ್ 2 ಬಂದರೆ ಎಲ್ಲರೂ ಶಿಬಿರ ಇಡುತ್ತಾರೆ. ಕೆಂಪು ರಕ್ತಕಣ ಇಡಲು ಬರುವುದು 35ರಿಂದ 42 ದಿನ, ಪ್ಲೇಟ್‌ಲೆಟ್ ಐದೇ ದಿನ. ಏಪ್ರಿಲ್, ಮೇಯಲ್ಲಿ ಕಾಲೇಜಿಗೆ ರಜೆ, ದಾನಿಗಳು ಸಿಗುವುದಿಲ್ಲ, ಆಗಲೇ ಕೊರತೆ. ರಕ್ತನಿಧಿಯವರನ್ನು ಕೇಳಿ ತಾರೀಖು ಇಡಿ. ಗಂಡಸರು 90 ದಿನ, ಹೆಂಗಸರು 120 ದಿನ ಬಿಟ್ಟು ಮತ್ತೆ ಕೊಡಬಹುದು. ಹಿಮೋಗ್ಲೋಬಿನ್ 12.5 ಇರಬೇಕು. ಕಡಿಮೆ ಇದೆ ಅಂತ ವಾಪಸ್ ಕಳಿಸಿದ ಹೆಣ್ಣುಮಕ್ಕಳ ಪಟ್ಟಿ ಮಾಡಿ ವೈದ್ಯರಿಗೆ ತೋರಿಸಿ. ನಮ್ಮಲ್ಲಿ ಅದೇ ಒಂದು ಬೇರೆ ಕಾರ್ಯಕ್ರಮ ಆಯಿತು. ದಾನಿಗಳ ರಕ್ತದ ಗುಂಪು, ಫೋನ್ ನಂಬರ್ ಇರುವ ಪುಸ್ತಕ ಕ್ಲಬ್ಬಿನದಾಗಿರಲಿ, ಅಧ್ಯಕ್ಷರ ಮನೆಯ ಬೀರುವಿನಲ್ಲಿ ಬೇಡ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗ:

ಊರಿಂದ ಹೊರಗೆ ಇರುವವರನ್ನೂ ಕೇಳಿ, ನಮಗೂ ಕೊಡಬೇಕು ಅನ್ನಿಸುತ್ತದೆ. ಆದರೆ ಒಂದು ಎಚ್ಚರ. ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ತೊಂದರೆ ಇಲ್ಲ. ನನ್ನ ಹಾಗೆ ಬೇರೆ ದೇಶದ ಪೌರತ್ವ ತಗೊಂಡವರ ಹಣ ವಿದೇಶಿ ದೇಣಿಗೆ ಆಗುತ್ತದೆ, ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲದೆ ತಗೊಳ್ಳುವಂತಿಲ್ಲ. ನಾನು ತಿಳಿಯದೆ ಕಳಿಸಿ, ಅವರು ವಾಪಸ್ ಮಾಡುವಷ್ಟರಲ್ಲಿ ಇಬ್ಬರಿಗೂ ಸುಸ್ತಾಯಿತು. ರೋಟರಿಯ ಗ್ಲೋಬಲ್ ಗ್ರಾಂಟ್ ಅನ್ನುವ ಅನುದಾನ ಕನಿಷ್ಠ 30,000 ಡಾಲರಿನ ಯೋಜನೆಗೆ. ನಿಮ್ಮ ಕೆಲಸಕ್ಕೆ ಚಿಕ್ಕ ಯೋಜನೆಗಳಿಗೆ ಸಿಗುವ ಡಿಸ್ಟ್ರಿಕ್ಟ್ ಗ್ರಾಂಟ್ ಬಗ್ಗೆ ವಿಚಾರಿಸಿ.

ಪ್ರಶ್ನೆ ಕೇಳಿದ ಕಾರ್ಯದರ್ಶಿ:

ಎಲ್ಲರಿಗೂ ಮನಸಾರೆ ಧನ್ಯವಾದ. ಇನ್ನರ್ ವೀಲ್ ಮೇಡಂ ಬರೆದದ್ದು ಓದಿ ನಿನ್ನೆ ರಾತ್ರಿ ನಮ್ಮ ಹೋದ ವರ್ಷದ ಶಿಬಿರದ ರಿಜಿಸ್ಟರ್ ಹುಡುಕಿದೆ. ಆಪರೇಷನ್ ಬೇಕು ಅಂತ ಬರೆದವರು 22. ಆಸ್ಪತ್ರೆಯ ಪಟ್ಟಿಯಲ್ಲಿರುವುದು 13. ಉಳಿದ ಒಂಬತ್ತು ಜನರಲ್ಲಿ ಫೋನ್ ನಂಬರ್ ಇದ್ದದ್ದು ಐವರದ್ದು. ಬೆಳಿಗ್ಗೆ ಒಂದೊಂದಾಗಿ ಮಾಡಿದೆ. ಎರಡು ಹೋಗಲಿಲ್ಲ. ಇಬ್ಬರಿಗೆ ಬೇರೆ ಕಡೆ ಆಗಿದೆಯಂತೆ. ಐದನೆಯದನ್ನು ಮಗಳು ತೆಗೆದರು. "ಅಪ್ಪಂಗೆ ಇನ್ನೂ ಆಗಿಲ್ಲ ಸರ್. ನೀವು ಫೋನ್ ಮಾಡ್ತೀವಿ ಅಂದಿದ್ರಿ, ಅದಕ್ಕೇ ನಂಬರ್ ಬದಲಾಯಿಸಿಲ್ಲ" ಅಂದರು.

ಮಂಗಳವಾರ ನನ್ನ ಕಾರಿನಲ್ಲೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ನಂಬರ್ ಇಲ್ಲದ ನಾಲ್ವರ ಊರು ರಿಜಿಸ್ಟರಿನಲ್ಲಿದೆ, ಭಾನುವಾರ ಇಬ್ಬರು ಸದಸ್ಯರು ಬೈಕಿನಲ್ಲಿ ಹೋಗಿ ಬರುತ್ತಾರೆ. ಆ ಪ್ರಶ್ನೆ ಕೇಳಿದ ಬಟ್ಟೆ ಅಂಗಡಿಯವರಿಗೂ ಹೇಳಿದೆ. ಅವರು ದುಡ್ಡಿನ ಮಾತು ಎತ್ತಲಿಲ್ಲ. "ಮಂಗಳವಾರ ಎಷ್ಟು ಗಂಟೆಗೆ ಹೊರಡ್ತೀರಿ?" ಅಂತ ಕೇಳಿದರು.