ಇಪ್ಪತ್ತೇಳು ದೇಶ, ಒಂದು ವೀಟೋ: ಯುರೋಪಿಯನ್ ಯೂನಿಯನ್ ಬಗ್ಗೆ ಕೇಳಿ

ಅಡ್ಮಿನ್: ಈ ವಾರ ಉತ್ತರ ಕೊಡ್ತಿರೋರು ಬ್ರಸೆಲ್ಸ್‌ನಲ್ಲಿ ಇಯು ಕಾನೂನಿನ ಪ್ರಾಕ್ಟೀಸ್ ಮಾಡೋ ನಮ್ಮ ಗ್ರೂಪಿನ ವಕೀಲರು. ಪ್ರಶ್ನೆ ಕೆಳಗೆ ಹಾಕಿ. ವೀಸಾ ಬಗ್ಗೆ ಬೇಡ, ದಯವಿಟ್ಟು.

ಪ್ರಶ್ನೆ (ಧಾರವಾಡ, ಎಂಎ ರಾಜ್ಯಶಾಸ್ತ್ರ): ಸರ್, ಪೇಪರ್‌ನ್ಯಾಗ ಯಾವಾಗ ನೋಡಿದ್ರೂ ಹಂಗೇರಿ ಅಡ್ಡಗಾಲು ಹಾಕೇತಿ ಅಂತನ ಇರ್ತಿತ್ತು. ಒಂದ್ ಕೋಟಿ ಮಂದಿನೂ ಇಲ್ಲದ ದೇಶ 45 ಕೋಟಿ ಮಂದಿ ಒಕ್ಕೂಟಾನ ಹೆಂಗ ನಿಂದ್ರಸ್ತದ?

ಉತ್ತರ: ಎಲ್ಲದರಲ್ಲೂ ನಿಲ್ಸಕ್ಕಾಗಲ್ಲ. ಇಯುನ ಬಹುಪಾಲು ಕಾನೂನುಗಳು ಕೌನ್ಸಿಲಲ್ಲಿ, ಅಂದ್ರೆ ಸದಸ್ಯ ದೇಶಗಳ ಮಂತ್ರಿಗಳ ಸಭೆಯಲ್ಲಿ, ವಿಶೇಷ ಬಹುಮತದಿಂದ ಪಾಸಾಗ್ತವೆ, 27ರಲ್ಲಿ 15 ದೇಶ ಹೂಂ ಅನ್ಬೇಕು, ಆ ದೇಶಗಳಲ್ಲಿ ಒಕ್ಕೂಟದ 65% ಜನ ಇರ್ಬೇಕು, ಅಷ್ಟೇ. ಆದ್ರೆ ವಿದೇಶಾಂಗ ನೀತಿ, ಸ್ಯಾಂಕ್ಷನ್ (ಬೇರೆ ದೇಶದ ಮೇಲೆ ಹಾಕೋ ನಿರ್ಬಂಧ), ತೆರಿಗೆ, ಹೊಸ ಸದಸ್ಯರನ್ನ ಸೇರಿಸ್ಕೊಳ್ಳೋದು, ಏಳು ವರ್ಷದ ಬಜೆಟ್, ಇವಕ್ಕೆಲ್ಲ ಒಬ್ಬರೂ ಬೇಡ ಅನ್ನಬಾರದು. ಹಂಗೇರಿ ಆಟ ಆಡಿದ್ದು ಇಲ್ಲೇ.

2023ರ ಡಿಸೆಂಬರ್ 14 ನೋಡಿ. ಉಕ್ರೇನ್ ಜೊತೆ ಸದಸ್ಯತ್ವದ ಮಾತುಕತೆ ಶುರು ಮಾಡ್ಬೇಕಾ ಅಂತ ನಾಯಕರ ಶೃಂಗಸಭೆ. ಆಗ ಹಂಗೇರಿ ಪ್ರಧಾನಿ ಆಗಿದ್ದ ವಿಕ್ಟರ್ ಓರ್ಬಾನ್ ಒಪ್ತಿಲ್ಲ. ಕೊನೆಗೆ ಜರ್ಮನಿಯ ಆಗಿನ ಚಾನ್ಸಲರ್ ಶೋಲ್ಜ್, ನೀವು ಒಂದು ಕಾಫಿ ಕುಡ್ಕೊಂಡು ಬನ್ನಿ ಅನ್ನೋ ಥರ ಸಲಹೆ ಕೊಟ್ರು, ಓರ್ಬಾನ್ ಎದ್ದು ಹೊರಗೆ ಹೋದ್ರು, ಉಳಿದ 26 ಜನ ಒಳಗೆ ತೀರ್ಮಾನ ಮಾಡಿಬಿಟ್ರು. ಆದ್ರೆ ಅದೇ ರಾತ್ರಿ ಉಕ್ರೇನಿಗೆ ಕೊಡ್ಬೇಕಿದ್ದ 5,000 ಕೋಟಿ ಯುರೋ ಪ್ಯಾಕೇಜಿಗೆ ಓರ್ಬಾನ್ ವೀಟೋ ಹಾಕಿದ್ರು, ಅದಕ್ಕೆ ಒಪ್ಪಿಗೆ ಸಿಗೋಕೆ 2024ರ ಫೆಬ್ರವರಿ 1 ಬರ್ಬೇಕಾಯ್ತು. ಇನ್ನೊಂದು ಕಡೆ ನೋಡಿದ್ರೆ, ಆ ಸಭೆಯ ಹಿಂದಿನ ದಿನವೇ ಕಮಿಷನ್, ಅಂದ್ರೆ ಇಯುನ ಆಡಳಿತ ನಡೆಸೋ ಸಂಸ್ಥೆ, ಹಂಗೇರಿಗೆ ತಡೆಹಿಡಿದಿದ್ದ ದುಡ್ಡಲ್ಲಿ ಸುಮಾರು 1,020 ಕೋಟಿ ಯುರೋಗೆ ದಾರಿ ಬಿಟ್ಟಿತ್ತು. ನ್ಯಾಯಾಂಗ ಸುಧಾರಣೆ ಮಾಡಿದಾರೆ ಅದಕ್ಕೆ ಅಂತ ಕಮಿಷನ್ ಹೇಳ್ತು, ಯುರೋಪಿಯನ್ ಪಾರ್ಲಿಮೆಂಟು ನಂಬಲಿಲ್ಲ, 2024ರ ಮಾರ್ಚಲ್ಲಿ ಕಮಿಷನ್ ಮೇಲೇ ಕೇಸ್ ಹಾಕೋಕೆ ತೀರ್ಮಾನ ಮಾಡ್ತು. ನನ್ನ ಪ್ರಕಾರ ವೀಟೋ ಇರೋದು ತಡೆಯೋಕಲ್ಲ, ಚೌಕಾಸಿಗೆ. ಕೊನೇವರೆಗೂ ಬೇಡ ಅನ್ನೋರು ಕಮ್ಮಿ, ಹೂಂ ಅನ್ನೋಕೆ ರೇಟು ಹೇಳೋರೇ ಜಾಸ್ತಿ.

ಪ್ರಶ್ನೆ (ಅದೇ ವಿದ್ಯಾರ್ಥಿ): ಹಂಗಾದ್ರ ಆರ್ಟಿಕಲ್ 7 ಯಾಕ ಅದ? ವೋಟಿನ ಹಕ್ಕು ಕಸ್ಕೋಬಹುದು ಅಂತ ಓದೀನಿ.

ಉತ್ತರ: ಕಾಗದದ ಮೇಲೆ ಹೌದು, ಇಯುನ ಮೂಲ ಮೌಲ್ಯಗಳನ್ನ ಮುರಿಯೋ ದೇಶಕ್ಕೆ ಅಂತಲೇ ಒಪ್ಪಂದದಲ್ಲಿ ಆ ಕಲಂ ಇದೆ. ಹಂಗೇರಿ ಮೇಲೆ 2018ರ ಸೆಪ್ಟೆಂಬರಲ್ಲೇ ಪಾರ್ಲಿಮೆಂಟು ಅದನ್ನ ಶುರು ಮಾಡ್ತು. ಆದ್ರೆ ವೋಟು ಕಿತ್ಕೊಳ್ಳೋ ಹಂತಕ್ಕೆ ಹೋಗ್ಬೇಕಾದ್ರೆ ಉಳಿದ ಎಲ್ಲಾ ದೇಶಗಳೂ ಒಪ್ಬೇಕು, ಒಬ್ಬ ಸ್ನೇಹಿತ ಇದ್ರೆ ಸಾಕು, ಕೇಸು ಅಲ್ಲೇ ಬಿದ್ದಿರುತ್ತೆ. ತುಂಬಾ ವರ್ಷ ಪೋಲೆಂಡ್ ಆ ಸ್ನೇಹಿತ ಆಗಿತ್ತು. ನಿಜವಾಗಿ ಬಿಸಿ ಮುಟ್ಟಿಸಿದ್ದು ದುಡ್ಡು. 2022ರ ಡಿಸೆಂಬರಲ್ಲಿ ಹಂಗೇರಿಗೆ ಇಯುನಿಂದ ಬರ್ಬೇಕಿದ್ದ 630 ಕೋಟಿ ಯುರೋ ತಡೆದಾಗ ಬುಡಾಪೆಸ್ಟಲ್ಲಿ ಫೈಲು ಓಡೋಕೆ ಶುರುವಾಯ್ತು.

ಪ್ರಶ್ನೆ (ಮ್ಯೂನಿಕ್, ಸಾಫ್ಟ್‌ವೇರ್): ಇಲ್ಲಿ ಆಫೀಸಲ್ಲಿ ಜರ್ಮನ್ ಕಲೀಗ್ಸ್ ಎಲ್ಲಾ ವೀಟೋ ತೆಗೀರಿ ಅಂತಾರೆ. ತೆಗ್ದು ಬಿಸಾಕಕ್ಕೆ ಏನ್ ಕಷ್ಟ?

ಉತ್ತರ: ವೀಟೋ ತೆಗೆಯೋಕೂ ವೀಟೋ ಇದೆ! ಇಯುನ ಮೂಲ ಒಪ್ಪಂದನೇ ತಿದ್ದದೆ, ಒಂದು ವಿಷಯನ ಸರ್ವಾನುಮತದಿಂದ ಬಹುಮತಕ್ಕೆ ಬದಲಾಯಿಸೋ ಕಲಂ ಇದೆ, ನಾವು ಪಾಸರೆಲ್ ಅಂತೀವಿ. ಅದಕ್ಕೂ 27 ನಾಯಕರೂ ಒಪ್ಬೇಕು, ಒಪ್ಪಿದ ಮೇಲೂ ಯಾವುದಾದ್ರೂ ಒಂದು ದೇಶದ ಸಂಸತ್ತು ಆರು ತಿಂಗಳೊಳಗೆ ತಕರಾರು ಅಂದ್ರೆ ಮುಗೀತು. ಇನ್ನು ಒಪ್ಪಂದನೇ ತಿದ್ದೋದು ಅಂದ್ರೆ ಕೆಲವು ದೇಶಗಳಲ್ಲಿ ಜನಮತಗಣನೆ ಬರುತ್ತೆ, ಆ ಹೆಸರು ಕೇಳಿದ್ರೆ ಇಲ್ಲಿ ಎಲ್ಲರಿಗೂ ಚಳಿ. 2005ರಲ್ಲಿ ಫ್ರಾನ್ಸ್, ನೆದರ್ಲೆಂಡ್ಸ್ ಯುರೋಪಿನ ಸಂವಿಧಾನದ ಕರಡನ್ನ ತಿರಸ್ಕರಿಸಿದ್ವು. 2008ರಲ್ಲಿ ಐರ್ಲೆಂಡ್, ಆ ಕರಡಿನ ಬದಲಿಗೆ ಬಂದ ಲಿಸ್ಬನ್ ಒಪ್ಪಂದ ಬೇಡ ಅಂತು, ಮುಂದಿನ ವರ್ಷ ಮತ್ತೆ ವೋಟು ಹಾಕಿಸ್ಬೇಕಾಯ್ತು, ಅವರನ್ನ ಒಪ್ಪಿಸೋಕೆ ಕೊಟ್ಟ ಮಾತುಗಳಲ್ಲಿ ಒಂದು ಅಂದ್ರೆ ಪ್ರತಿ ದೇಶಕ್ಕೂ ಒಬ್ಬ ಕಮಿಷನರ್ ಇರ್ತಾರೆ ಅನ್ನೋದು. ಕಮಿಷನ್ ಸಣ್ಣದು ಮಾಡ್ತೀವಿ ಅಂತ ಹೊರಟೋರು ಇವತ್ತಿಗೂ 27 ಖಾತೆ ಹುಡುಕ್ತಾ ಕೂತಿದಾರೆ.

ಇನ್ನೊಂದು, ನಿಮ್ಮ ಜರ್ಮನ್ ಕಲೀಗ್ಸಿಗೆ ಕಾಣದೇ ಇರೋದು. ವೀಟೋ ಬೇಕು ಅನ್ನೋರು ಹಂಗೇರಿ ಮಾತ್ರ ಅಲ್ಲ. ತೆರಿಗೆ ಅಂದ್ರೆ ಐರ್ಲೆಂಡ್, ಲಕ್ಸೆಂಬರ್ಗ್, ಮಾಲ್ಟಾ ಸದ್ದಿಲ್ಲದೆ ಅದರ ಹಿಂದೆ ನಿಲ್ತವೆ. ಜರ್ಮನಿ, ಫ್ರಾನ್ಸ್ ಸೇರಿದ್ರೆ ಒಕ್ಕೂಟದ ಮೂರನೇ ಒಂದು ಭಾಗ ಜನ, ಜೊತೆಗೆ ತೀರಾ ಪುಟ್ಟದಲ್ಲದ ಇನ್ನೆರಡು ದೇಶ ಸೇರಿಸ್ಕೊಂಡ್ರೆ ಬಹುಮತದಿಂದ ಪಾಸಾಗೋ ಯಾವ ಕಾನೂನನ್ನಾದ್ರೂ ತಡೀಬಹುದು. ಐದೂವರೆ ಲಕ್ಷ ಜನರ ಮಾಲ್ಟಾಗೆ ಆ ಲೆಕ್ಕದಲ್ಲಿ ಏನ್ ತೂಕ ಇದೆ ಹೇಳಿ. ಆ ಭಯಕ್ಕೆ ಅರ್ಥ ಇದೆ. ಸ್ಯಾಂಕ್ಷನ್ ವಿಚಾರದಲ್ಲಿ ವೀಟೋ ತೆಗೀಬೇಕು ಅನ್ನೋರಲ್ಲಿ ನಾನೂ ಒಬ್ಬ, ಆದ್ರೆ ಸೈನ್ಯ, ತೆರಿಗೆ ಆಯಾ ದೇಶದ ಕೈಯಲ್ಲೇ ಇರ್ಲಿ.

ಅಷ್ಟರಲ್ಲಿ ಆಗ್ತಿರೋದೇನು ಅಂದ್ರೆ ಸುಧಾರಣೆ ಹಿಂಬಾಗಿಲಿಂದ ಬರ್ತಿದೆ. ರಷ್ಯಾದ ಸೆಂಟ್ರಲ್ ಬ್ಯಾಂಕಿನ ದುಡ್ಡು, ಅದರಲ್ಲಿ ಹೆಚ್ಚಿನದು ಇಲ್ಲೇ ಬ್ರಸೆಲ್ಸ್‌ನ ಯುರೋಕ್ಲಿಯರ್‌ನಲ್ಲಿದೆ, (ಅದು ಷೇರು, ಬಾಂಡ್ ಇಟ್ಕೊಳ್ಳೋ ಸಂಸ್ಥೆ), ಅದನ್ನ ತಡೆಹಿಡಿಯೋ ಆದೇಶ ಆರು ತಿಂಗಳಿಗೊಮ್ಮೆ ಸರ್ವಾನುಮತದಿಂದ ನವೀಕರಣ ಆಗ್ಬೇಕಿತ್ತು, ಪ್ರತಿ ಸಲವೂ ಟೆನ್ಷನ್. 2025ರ ಡಿಸೆಂಬರಲ್ಲಿ ಆರ್ಥಿಕ ತುರ್ತು ಪರಿಸ್ಥಿತಿಗೆ ಅಂತಿರೋ ಆರ್ಟಿಕಲ್ 122 ಹಿಡ್ಕೊಂಡು ಬಹುಮತದಲ್ಲೇ ಆ ದುಡ್ಡನ್ನ ಅನಿರ್ದಿಷ್ಟ ಕಾಲ ಕಟ್ಟಿಹಾಕಿದ್ರು. ಜಾಣತನ ಹೌದು. ಆದ್ರೆ 122ರಲ್ಲಿ ಪಾರ್ಲಿಮೆಂಟಿಗೆ ವೋಟೇ ಇಲ್ಲ, ಜನ ಆರಿಸಿ ಕಳ್ಸಿದ 720 ಸದಸ್ಯರು ಪಕ್ಕದಲ್ಲಿ ನಿಂತು ನೋಡ್ಬೇಕು. ವೀಟೋಗಿಂತ ನನಗೆ ಈ ಅಭ್ಯಾಸನೇ ಜಾಸ್ತಿ ಚಿಂತೆ.

ಪ್ರಶ್ನೆ (ಬೆಂಗಳೂರು): ನಮ್ಮ ಜಿಎಸ್‌ಟಿ ಕೌನ್ಸಿಲ್ ಥರಾನೇ ಅನ್ಸುತ್ತಲ್ಲ?

ಉತ್ತರ: ಸ್ವಲ್ಪ. ಆದ್ರೆ ಅಲ್ಲಿ ವೋಟಿನ ಮೂರನೇ ಒಂದು ತೂಕ ಕೇಂದ್ರದ ಕೈಲಿದೆ, ಪಾಸಾಗೋಕೆ ನಾಲ್ಕರಲ್ಲಿ ಮೂರು ಪಾಲು ಬೇಕು, ಅಂದ್ರೆ ಕೇಂದ್ರ ಬೇಡ ಅಂದ್ರೆ ಏನೂ ಆಗಲ್ಲ. ಇಲ್ಲಿ ಕಮಿಷನ್ ಪ್ರಸ್ತಾವನೆ ತರುತ್ತೆ, ಕೌನ್ಸಿಲಲ್ಲಿ ಅದಕ್ಕೆ ಒಂದು ವೋಟೂ ಇಲ್ಲ.

ಪ್ರಶ್ನೆ (ವಿರಾಜಪೇಟೆ, ಕಾಫಿ ಬೆಳೆಗಾರ): ಇದೆಲ್ಲ ದೊಡ್ಡೋರ ಮಾತು. ನಮ್ಮ ತೋಟಕ್ಕೆ ಇಯುದು ಅರಣ್ಯನಾಶ ಕಾನೂನು ಅಂತ ಬಂದಿದೆಯಲ್ಲ, ಅದಕ್ಕೆ ಯಾರೂ ವೀಟೋ ಹಾಕ್ಲಿಲ್ವಾ? ಸಿಲ್ವರ್ ಓಕ್ ಕಡಿದ್ರೂ ಅರಣ್ಯನಾಶ ಅಂತಾರಾ?

ಉತ್ತರ: ಹಾಕೋಕೆ ಆಗ್ತಿರ್ಲಿಲ್ಲ, ಅದು ಬಹುಮತದ ಪಟ್ಟಿಯ ಕಾನೂನು. ಪಾಸಾಗಿದ್ದು 2023ರಲ್ಲಿ. ಜಾರಿ ಮಾತ್ರ ಎರಡು ಸಲ ಮುಂದೆ ಹೋಯ್ತು, 2024ರ ಕೊನೆಯಿಂದ 2025ಕ್ಕೆ, ಆಮೇಲೆ ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ 30ಕ್ಕೆ. ಪಾಸು ಮಾಡಿದವರೇ ನಮ್ಮಲ್ಲಿ ಸಿಸ್ಟಮ್ ರೆಡಿ ಇಲ್ಲ ಅಂತ ಮುಂದೂಡಿದ್ದು, ಇಲ್ಲಿಯ ವಾಡಿಕೆ ಹಾಗೇ.

ಸಿಲ್ವರ್ ಓಕ್ ಬಗ್ಗೆ: ಯುರೋಪಿಗೆ ಹೋಗೋ ಕಾಫಿಗೆ 2020ರ ಡಿಸೆಂಬರ್ 31 ಆದ್ಮೇಲೆ ಕಾಡು ಕಡಿದು ತೋಟ ಮಾಡಿರ್ಬಾರದು, ಕಾನೂನು ಕೇಳೋದು ಅದನ್ನ. ಮರದ ನೆರಳಲ್ಲಿ ಬೆಳೆ ತೆಗೆಯೋ ತೋಟ ಅದರ ವ್ಯಾಖ್ಯೆಯಲ್ಲಿ ಕಾಡೇ ಅಲ್ಲ, ಹಳೇ ತೋಟದೊಳಗೆ ನೆರಳಿನ ಮರ ಕಡಿದ್ರೆ ಅದು ಅರಣ್ಯನಾಶ ಆಗಲ್ಲ. ಆದ್ರೆ ಬೆಳೆ ನಮ್ಮ ದೇಶದ ಕಾನೂನು ಪ್ರಕಾರವೂ ಸರಿಯಾಗಿ ಬೆಳ್ದಿರ್ಬೇಕು ಅನ್ನೋ ಷರತ್ತು ಬೇರೆ ಇದೆ, ಹಾಗಾಗಿ ಪರ್ಮಿಷನ್ ಬೇಕಾದ ಮರ ಕಡಿಯೋದಾದ್ರೆ ಆ ಕಾಗದ ಇಟ್ಕೊಳ್ಳಿ. ಜಮ್ಮಾ ಜಾಗ (ಕೊಡಗಿನ ಹಳೇ ಕುಟುಂಬ ಹಿಡುವಳಿ) ಆದ್ರೆ ಪಹಣಿ ಯಾರ ಹೆಸರಲ್ಲಿದೆ ಅಂತ ಈಗ್ಲೇ ನೋಡ್ಕೊಳ್ಳಿ. ಕಾನೂನಿನ ಹೊಣೆ ಯುರೋಪಿನ ಆಮದುದಾರರದ್ದೇ, ಆದ್ರೆ ಅವರು ನಮ್ಮ ಎಕ್ಸ್‌ಪೋರ್ಟರ್‌ನ ಕೇಳ್ತಾರೆ, ಅವರು ನಿಮ್ಮನ್ನ.

ಪ್ರಶ್ನೆ (ಅದೇ ಬೆಳೆಗಾರ): ಏಜೆಂಟ್ ಬಂದು ಮೊಬೈಲಲ್ಲಿ ಈ ಕಾನೂನಿಗೆ ಅಂತ ಗೇಟ್ ಹತ್ರ ಒಂದು ಜಿಪಿಎಸ್ ಪಾಯಿಂಟ್ ತಗೊಂಡು ಹೋದ. ಸಾಕಾ?

ಉತ್ತರ: ಒಂದು ತಾಕು 4 ಹೆಕ್ಟೇರ್ ಒಳಗಿದ್ರೆ, ಅಂದ್ರೆ ಹತ್ರ ಹತ್ರ 10 ಎಕರೆ, ಒಂದು ಪಾಯಿಂಟ್ ಸಾಕು. ಆದ್ರೆ ಅದು ಗೇಟ್ ಹತ್ರ ಅಲ್ಲ, ಗಿಡ ಇರೋ ಜಾಗದ ಒಳಗೆ ಇರ್ಬೇಕು. ಅದಕ್ಕಿಂತ ದೊಡ್ಡದಾದ್ರೆ ಸುತ್ತಲೂ ಬೌಂಡರಿ ಗುರುತು ಮಾಡ್ಬೇಕು, ಅವನನ್ನ ವಾಪಸ್ ಕರೀರಿ.