ಹಾಲ್‌ನ ಕ್ಯಾಮೆರಾ ತಾನಾಗೇ ಅಡುಗೆಮನೆ ಕಡೆ ತಿರುಗಿದೆ, ಏನು ಮಾಡಲಿ?

ಡೊಂಬಿವಲಿ ಅಕ್ಕ:
ಅಪ್ಪನಿಗೆ 78. ಹಗಲು ಮನೆಯಲ್ಲಿ ಒಬ್ಬರೇ. ನಾನು ಬೆಳಿಗ್ಗೆ ಲೋಕಲ್ ಹಿಡಿದು ಮುಂಬೈನ ಸಿಎಸ್‌ಎಂಟಿ ಸ್ಟೇಷನ್‌ಗೆ ಹೋಗುವವಳು. ಅದಕ್ಕೇ ಹಾಲ್‌ನಲ್ಲಿ, ದೇವರ ಪಟದ ಪಕ್ಕ, ತಿರುಗುವ ವೈಫೈ ಕ್ಯಾಮೆರಾ ಹಾಕಿಸಿದ್ದೇನೆ. ಮೊನ್ನೆ ಘಾಟ್ಕೋಪರ್ ದಾಟುವಾಗ ಆ್ಯಪ್ ತೆರೆದರೆ ಅಪ್ಪನ ಕುರ್ಚಿಯೇ ಇಲ್ಲ, ಅಡುಗೆಮನೆ ಬಾಗಿಲು ಕಾಣ್ತಿದೆ! ಫೋನ್ ಮಾಡಿ ಕೇಳಿದೆ. "ನಾನ್ಯಾಕೆ ಮುಟ್ಟಲಿ ಮಾರಾಯ್ತಿ, ಅದೇ ಕರಕರ ಅಂತ ತಿರುಗಿತು" ಅಂದರು. ಹಾಕಿಕೊಟ್ಟ ಹುಡುಗ "ಹಾಗೆಲ್ಲ ಆಗಲ್ಲ ಮೇಡಂ" ಅಂತಾನೆ. ಪಾಸ್‌ವರ್ಡ್ ಇಟ್ಟಿದ್ದೂ ಅವನೇ. ಇದು ಹ್ಯಾಕಾ, ಇಲ್ಲ ನಾನು ಸುಮ್ನೆ ಹೆದರ್ತಿದ್ದೇನಾ?

ಠಾಣೆ ಮಾಣಿ:
ಅಕ್ಕಾ, ಮೊದಲು ಮೋಷನ್ ಟ್ರ್ಯಾಕಿಂಗ್ ಆನ್ ಇದೆಯಾ ನೋಡಿ. ಇದ್ದರೆ ಬೆಕ್ಕು ಓಡಾಡಿದರೂ ಅದರ ಹಿಂದೆ ತಿರುಗುತ್ತೆ. ಕರೆಂಟ್ ಹೋಗಿ ಬಂದಾಗಲೂ ಒಂದು ಸುತ್ತು ಹೊಡೆಯೋದುಂಟು. ಅದಲ್ಲ ಅಂದರೆ ಪಾಸ್‌ವರ್ಡ್ ಮೇಲೆ ಅನುಮಾನ. 2016ರಲ್ಲಿ ಮಿರಾಯ್ ಅನ್ನೋ ವೈರಸ್ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್‌ (ರೆಕಾರ್ಡಿಂಗ್ ಡಬ್ಬಿ) ಗಳಿಗೆ ನುಗ್ಗಿತ್ತು. ದೊಡ್ಡ ವಿದ್ಯೆ ಏನಲ್ಲ. ಕಂಪನಿಯವರು ಇಟ್ಟು ಕಳಿಸುವ ಅಡ್ಮಿನ್-ಅಡ್ಮಿನ್ ಥರದ ಸುಮಾರು 60 ಯೂಸರ್‌ನೇಮ್-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡುತ್ತಿತ್ತು, ಅಷ್ಟೇ.

ಕೊತ್ರೂಡ್ ಸಿಸಿಟಿವಿ:
ಪುಣೆಯಲ್ಲಿ ನನ್ನದು ಇದೇ ಕೆಲಸ. ನಿಜ ಹೇಳಿದರೆ ನಮ್ಮಲ್ಲೇ ಕೆಲವರು ಹತ್ತು ಮನೆಗೆ ಒಂದೇ ಪಾಸ್‌ವರ್ಡ್ ಇಡ್ತಾರೆ, ಸರ್ವಿಸ್‌ಗೆ ಸುಲಭ ಅಂತ. ಅದಕ್ಕಿಂತ ಜಾಸ್ತಿ ತೊಂದರೆ ಅಕೌಂಟಿನದು. ಅದು ಹುಡುಗನ ಮೊಬೈಲ್ ನಂಬರ್‌ನಲ್ಲಿದ್ದರೆ ನೀವು ಪಾಸ್‌ವರ್ಡ್ ಬದಲಿಸಿ ಪ್ರಯೋಜನ ಇಲ್ಲ, ಓಟಿಪಿ ಅವನಿಗೇ ಹೋಗುತ್ತೆ. ಕೆಲವು ಕ್ಯಾಮೆರಾ ರೀಸೆಟ್ ಮಾಡಿದರೂ ಹಳೇ ಅಕೌಂಟ್ ಬಿಡಲ್ಲ. ಅವನನ್ನೇ ಕರೆಸಿ, ಎದುರಿಗೆ ಕೂರಿಸಿ ಅವನ ಆ್ಯಪ್‌ನಿಂದ ಡಿಲೀಟ್ ಮಾಡಿಸಿ. ಆಮೇಲೆ ನಿಮ್ಮ ನಂಬರ್‌ನಲ್ಲಿ ಹೊಸದಾಗಿ ಸೇರಿಸಿ, ಟೂ-ಸ್ಟೆಪ್ ವೆರಿಫಿಕೇಶನ್ ಹಾಕಿ, ಅಪ್‌ಡೇಟ್ ಬಂದಿದ್ದರೆ ಮಾಡಿ. ರೂಟರ್‌ನಲ್ಲಿ ಯುಪಿಎನ್‌ಪಿ (ಹೊರಗಿನಿಂದ ಒಳಬರೋಕೆ ತಾನಾಗೇ ದಾರಿ ತೆರೆಯೋ ಸೆಟ್ಟಿಂಗ್) ಆಫ್ ಮಾಡಿ. ಗೆಸ್ಟ್ ವೈಫೈ ಇದ್ದರೆ ಕ್ಯಾಮೆರಾ ಅದರಲ್ಲಿರಲಿ, ನೀವು ಬ್ಯಾಂಕ್ ಕೆಲಸ ಮಾಡೋ ಫೋನ್ ಬೇರೆ ಕಡೆ ಇರಲಿ.

ಠಾಣೆ ಮಾಣಿ:
ಡಿಲೀಟ್ ಮಾಡೋ ಮುಂಚೆ, ಕ್ಯಾಮೆರಾ ಯಾರ್ಯಾರು ನೋಡಬಹುದು ಅಂತ ಆ್ಯಪ್‌ನಲ್ಲಿರೋ ಶೇರ್ ಲಿಸ್ಟಿನ ಸ್ಕ್ರೀನ್‌ಶಾಟ್ ತೆಗೆದಿಡಿ ಅಕ್ಕಾ. ನಾಳೆ ಪೊಲೀಸರಿಗೆ ಹೇಳೋದಾದರೆ ಬೇಕಾಗುತ್ತೆ. ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಕೊಡಬಹುದು.

ಡೊಂಬಿವಲಿ ಅಕ್ಕ:
ಟ್ರ್ಯಾಕಿಂಗ್ ಆಫ್ ಇತ್ತು. ಅಕೌಂಟ್ ಹುಡುಗನ ನಂಬರ್‌ನಲ್ಲೇ ಇತ್ತು! ಶೇರ್ ಲಿಸ್ಟಲ್ಲಿ ನನ್ನದು, ಉಡುಪಿಯಲ್ಲಿರೋ ತಮ್ಮನದು, ಜೊತೆಗೆ ಗುರುತಿಲ್ಲದ ಇನ್ನೊಂದು. "ಅಂಗಡಿ ಫೋನ್ ಮೇಡಂ, ಟೆಸ್ಟಿಂಗ್‌ಗೆ" ಅಂದ. ಐದು ತಿಂಗಳು ಎಂಥ ಟೆಸ್ಟಿಂಗೋ! ಸ್ಕ್ರೀನ್‌ಶಾಟ್ ತೆಗೆದುಕೊಂಡು, ಎದುರಿಗೇ ಎಲ್ಲ ಡಿಲೀಟ್ ಮಾಡಿಸಿದೆ. ಅಪ್ಪನಿಗೆ ಮಾತ್ರ ನಂಬಿಕೆ ಬಂದಿಲ್ಲ. ಬಟ್ಟೆ ಬದಲಿಸುವಾಗ ಕ್ಯಾಮೆರಾ ಮೇಲೆ ಬೈರಾಸ ಹಾಕ್ತಾರೆ, ತೆಗೆಯೋಕೆ ಮರೀತಾರೆ. ಇವತ್ತು ಲೋಕಲ್‌ನಲ್ಲಿ ಠಾಣೆಯಿಂದ ದಾದರ್‌ವರೆಗೆ ಬೈರಾಸದ ಕೆಂಪು ಚೌಕಳಿಯನ್ನೇ ನೋಡಿಕೊಂಡು ಹೋದೆ.