ನೆಟ್ಟು ಮೂರು ವಾರ ಆಯ್ತು, ಬೆಳ್ಳುಳ್ಳಿ ಅರ್ಧದಷ್ಟೂ ಮೊಳೆತಿಲ್ಲ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಸಮುದಾಯ ತೋಟದಲ್ಲಿ ಈ ಸಲ ನನಗೊಂದು ಸಣ್ಣ ತುಂಡು ನೆಲ ಸಿಕ್ಕಿದೆ. ಚಳಿ ಶುರುವಾಗುತ್ತಿದ್ದ ಹಾಗೆ 60 ಬೆಳ್ಳುಳ್ಳಿ ಎಸಳು ನೆಟ್ಟೆ. ಮೂರು ವಾರ ಕಳೆದರೂ ಮೊಳಕೆ ಬಂದಿರುವುದು 26ಕ್ಕೆ ಮಾತ್ರ. ಏಳೆಂಟು ಎಸಳು ಮಣ್ಣಿನ ಮೇಲೆ ಎದ್ದು ಕೂತಿವೆ. ಬೇಗ ಮೊಳೆಯಲಿ ಅಂತ ಸಿಪ್ಪೆ ಪೂರ್ತಿ ಸುಲಿದಿದ್ದೆ. ಎಸಳು ಬಿಡಿಸಿ ಹತ್ತು ದಿನ ಇಟ್ಟು ಆಮೇಲೆ ನೆಟ್ಟಿದ್ದು. ದಿನಾ ನೀರು ಹಾಕುತ್ತಿದ್ದೇನೆ. ನನ್ನ ನೆಲವೇ ಸರಿ ಇಲ್ಲವಾ?

ಉತ್ತರ:
ನೆಲದ ಮೇಲೆ ಈಗಲೇ ಅನುಮಾನ ಬೇಡ. ಮೊಳಕೆ ಬರದ ಕಡೆ ಬೆರಳಲ್ಲಿ ಮಣ್ಣು ಸರಿಸಿ ಮೂರ್ನಾಲ್ಕು ಎಸಳು ತೆಗೆಯಿರಿ. ಬುಡ ನೋಡಿ. ಬಿಳಿ ಬೇರು ಬಿಟ್ಟಿದ್ದರೆ ವಾಪಸ್ ಇಟ್ಟು ಕಾಯಿರಿ, ಕೆಲವು ತಳಿ ನಿಧಾನ. ಮೆತ್ತಗಾಗಿದ್ದರೆ ಬೂಷ್ಟಿನ ಬಣ್ಣ ಯಾವುದು ಅಂತ ಹೇಳಿ. ಹತ್ತಿಯಂಥ ಬಿಳಿ ಬೂಷ್ಟು, ಅದರಲ್ಲಿ ಗಸಗಸೆಯಷ್ಟು ಸಣ್ಣ ಕಪ್ಪು ಕಾಳು ಕಂಡರೆ ಅದು ಬಿಳಿ ಕೊಳೆ ರೋಗ. ಆ ಕಾಳು ಮಣ್ಣಲ್ಲಿ 20 ವರ್ಷ ಬೇಕಾದರೂ ಬದುಕಿರುತ್ತದೆ. ಹಿಂದೆ ಆ ಜಾಗದಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬೆಳೆದಿದ್ದರಾ ಅಂತ ಪಕ್ಕದ ಮಡಿಯವರನ್ನೂ ಕೇಳಿ.

ಪ್ರಶ್ನೆ ಕೇಳಿದವರು:
ಐದು ತೆಗೆದೆ. ಒಂದಕ್ಕೆ ಬೇರು ಇದೆ, ಇಟ್ಟುಬಿಟ್ಟೆ. ನಾಲ್ಕು ಮೆತ್ತಗೆ, ಹಿಸುಕಿದರೆ ನೀರು. ಮೇಲೆ ಹಸಿರು ಮಿಶ್ರ ನೀಲಿ ಪುಡಿ, ಬೆರಳಿಗೆ ಹತ್ತಿತು. ಕಪ್ಪು ಕಾಳು ಒಂದೂ ಇಲ್ಲ.

ಉತ್ತರ:
ಹಾಗಾದರೆ ಅದು ನೀಲಿ ಬೂಷ್ಟು. ನಿಜಕ್ಕೂ ಸಮಾಧಾನವಾಯಿತು. ಇದು ಎಸಳಿನ ಜೊತೆ ಬರುವ ರೋಗ, ಮಣ್ಣಲ್ಲಿ ಬಹಳ ದಿನ ಉಳಿಯುವುದಿಲ್ಲ. ಎಸಳಿಗೆ ಗಾಯವಾದ ಕಡೆ ಒಳಗೆ ಇಳಿಯುತ್ತದೆ. ಸುಲಿಯುವಾಗ ಉಗುರು ತಾಗಿರುತ್ತದೆ, ಮೇಲಿಂದ ಹತ್ತು ದಿನ ಹಾಗೇ ಇಟ್ಟಿದ್ದೀರಿ. ಅಷ್ಟು ಹೊತ್ತಿಗೆ ಬೇರು ಬರುವ ಬುಡವೂ ಒಣಗುತ್ತದೆ. ನಾನೂ ಮೊದಲ ವರ್ಷ ಸಿಪ್ಪೆ ಸುಲಿದೇ ನೆಟ್ಟು ಒಂದು ಸಾಲು ಪೂರ್ತಿ ಕಳೆದುಕೊಂಡಿದ್ದೆ.

ಕೊಳೆತದ್ದನ್ನೆಲ್ಲ ಆರಿಸಿ ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ಗಟ್ಟಿ ಗಡ್ಡೆ ತನ್ನಿ. ನೆಡುವ ದಿನವೇ ಬಿಡಿಸಿ, ಸಿಪ್ಪೆ ಹಾಗೇ ಇರಲಿ. ಹೊರಸುತ್ತಿನ ದಪ್ಪ ಎಸಳು ಮಾತ್ರ ನೆಡಿ. ಚೂಪು ತುದಿ ಮೇಲೆ, ಚಪ್ಪಟೆ ಬುಡ ಕೆಳಗೆ. ತುದಿಯ ಮೇಲೆ 3ರಿಂದ 5 ಸೆಂ.ಮೀ. ಮಣ್ಣು, ಎಸಳಿಂದ ಎಸಳಿಗೆ 10ರಿಂದ 15 ಸೆಂ.ಮೀ.

ದಿನಾ ನೀರು ನಿಲ್ಲಿಸಿ. ಬೆರಳು ಎರಡು ಗೆಣ್ಣು ಇಳಿಸಿದಾಗ ಒಣಗಿದ್ದರೆ ಮಾತ್ರ ಹಾಕಿ. ಜೇಡಿ ಮಣ್ಣಾದರೆ ಮಡಿಯನ್ನು ಒಂದು ಗೇಣು ಎತ್ತರಿಸಿ. ಹಸಿ ಸಗಣಿ ಗೊಬ್ಬರ ಈಗ ಬೇಡವೇ ಬೇಡ.

ಇನ್ನೊಬ್ಬರು:
ಮೇಲೆ ಎದ್ದ ಎಸಳಿನ ಬಗ್ಗೆ ಒಂದು ಮಾತು. ಅವುಗಳನ್ನು ಹೆಬ್ಬೆರಳಲ್ಲಿ ಒತ್ತಿ ಒಳಗೆ ತಳ್ಳಬೇಡಿ, ಬೇರು ಮುರಿಯುತ್ತದೆ. ಕೆಳಗಿನ ಮಣ್ಣು ಗಟ್ಟಿಯಾಗಿದ್ದರೆ ಬೇರು ಇಳಿಯಲಾಗದೆ ಎಸಳನ್ನೇ ಮೇಲಕ್ಕೆ ನೂಕುತ್ತದೆ. ಕೆಲವನ್ನು ಹಕ್ಕಿ ಎಳೆದಿರಬಹುದು. ಸಣ್ಣ ಕರಣಿಯಿಂದ ಮಣ್ಣು ಸಮೇತ ಎತ್ತಿ, ಕೆಳಗೆ ಸಡಿಲ ಮಾಡಿ, ಸ್ವಲ್ಪ ಆಳಕ್ಕೆ ಕೂರಿಸಿ. ಚಿಗುರು ಬೆರಳುದ್ದ ಆಗುವ ತನಕ ಮೇಲೆ ಬಲೆ ಹರಡಿ.

ಪ್ರಶ್ನೆ ಕೇಳಿದವರು:
ಈಗ ಮತ್ತೆ ನೆಟ್ಟರೆ ತಡ ಆಗಲ್ವಾ?

ಉತ್ತರ:
ಮುಂದೆ ಆರರಿಂದ ಎಂಟು ವಾರ 10 ಡಿಗ್ರಿಗಿಂತ ಕಡಿಮೆ ಚಳಿ ಇರುತ್ತದೆ ಅಂದರೆ ಧೈರ್ಯವಾಗಿ ನೆಡಿ. ಆ ಚಳಿ ಸಿಕ್ಕರೇನೇ ಗಡ್ಡೆ ಎಸಳುಗಳಾಗಿ ಒಡೆಯುವುದು. ಸಾಲದಿದ್ದರೆ ಸಣ್ಣ ಈರುಳ್ಳಿಯಂಥ ಒಂಟಿ ಗಡ್ಡೆ ಬರುತ್ತದೆ. ಅದನ್ನೂ ತಿನ್ನಬಹುದು, ಮುಂದಿನ ಸಲ ಹಾಗೇ ನೆಡಲೂಬಹುದು.

ಪ್ರಶ್ನೆ ಕೇಳಿದವರು:
ಚಳಿ ಇನ್ನೂ ಎರಡು ತಿಂಗಳು ಇದೆ. ನಾಳೆ ಬೆಳಿಗ್ಗೆಯೇ ಮಡಿ ಎತ್ತರಿಸುತ್ತೇನೆ, 30 ಎಸಳು ನೆಡುತ್ತೇನೆ. ಮೊಳಕೆ ಬಂದ ಮೇಲೆ ಲೆಕ್ಕ ಇಲ್ಲೇ ಹಾಕುತ್ತೇನೆ. ಎಲ್ಲರಿಗೂ ಧನ್ಯವಾದ.